ನೂರಿಪ್ಪತ್ತು ಲೀಟರ್ ಗಾಳಿ, ಒಂದು ಲೀಟರ್ ನೀರು

ಚೌತಿ ಮುಗಿದ ವಾರ ಅಕ್ಕನ ಮಗ ಫೋನು ಮಾಡಿದ. ಯಲ್ಲಾಪುರದ ಕಡೆ ಅವನಿಗೆ ಎರಡೆಕರೆ ಗದ್ದೆ. ತೆನೆ ಹಾಲುಗಟ್ಟಿತೆಂದರೆ ಕಾಡುಹಂದಿ ಇಳಿಯುತ್ತವೆ, ಮಾಳ ಕಟ್ಟಿ ರಾತ್ರಿಯಿಡೀ ಕಾಯಬೇಕು. “ಮಾವ, ಈ ಸಲ ಮಾಳಕ್ಕೆ ಅಂತಲೇ ಒಂದು ದಪ್ಪ ರಜಾಯಿ ಹೊಲಿಸೋಣ ಅಂತಿದ್ದೇನೆ. ಸೋಗೆ ಎಷ್ಟು ಹೊದೆಸಿದ್ರೂ ಎರಚಲು ತಪ್ಪೋದಿಲ್ಲ. ಒಳಗೆ ಏನು ತುಂಬಿಸಲಿ?” ಎಂದ. ಹತ್ತಿ ಎನ್ನಲು ಬಾಯಿ ತೆರೆದವನು ಸುಮ್ಮನಾದೆ. ನಾಳೆ ಹೇಳುತ್ತೇನೆ ಎಂದು ಫೋನಿಟ್ಟೆ. ಆ ರಾತ್ರಿ ಕಾಗದ ಪೆನ್ಸಿಲ್ ಹಿಡಿದು ಕೂತವನಿಗೆ ಬೆಳಗಿನ ಜಾವದವರೆಗೆ ಏಳಲಾಗಲಿಲ್ಲ. ಒಂದು ಹೊದಿಕೆಯ ಹೊಟ್ಟೆಯಲ್ಲಿ ಇಷ್ಟು ದೊಡ್ಡ ಲೆಕ್ಕಗಳು ಅಡಗಿರುತ್ತವೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಮೊದಲ ಲೆಕ್ಕವೇ ನನ್ನನ್ನು ಹಿಡಿದು ಕೂರಿಸಿತು. ಎರಡು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, ನಾಲ್ಕು ಸೆಂಟಿಮೀಟರ್ ದಪ್ಪದ ರಜಾಯಿ ಎಂದಿಟ್ಟುಕೊಳ್ಳಿ. ಒಳಗೆ ಮೂರು ಕಿಲೋ ಹತ್ತಿ. ಈ ರಜಾಯಿ ಹಿಡಿಯುವ ಜಾಗ 120 ಲೀಟರ್. ಹತ್ತಿಯ ಎಳೆಯ ಸಾಂದ್ರತೆ ನೀರಿನದಕ್ಕಿಂತ ಒಂದೂವರೆ ಪಟ್ಟು. ಹಾಗಾಗಿ ಎಳೆಗಳ ನಡುವೆ ಗಾಳಿಯೇ ಇಲ್ಲದಂತೆ ಅದುಮಿದರೆ ಆ ಮೂರು ಕಿಲೋ ಹತ್ತಿಗೆ ಬೇಕಾಗುವ ಜಾಗ ಬರೀ 2 ಲೀಟರ್, ಅಂದರೆ ಎರಡು ನೀರಿನ ಬಾಟಲಿಯಷ್ಟು. ಉಳಿದ 118 ಲೀಟರ್ ಗಾಳಿ. ನಾವು ಹತ್ತಿಯ ರಜಾಯಿ ಎಂದು ಕರೆಯುವುದು ನೂರಕ್ಕೆ ತೊಂಬತ್ತೆಂಟು ಪಾಲು ಗಾಳಿಯ ರಜಾಯಿ. ಆ ಗಾಳಿಯನ್ನೆಲ್ಲ ತಕ್ಕಡಿಗೆ ಹಾಕಲು ಬರುವಂತಿದ್ದರೆ 140 ಗ್ರಾಂ ತೂಗುತ್ತಿತ್ತು. ನಮ್ಮನ್ನು ಚಳಿಯಿಂದ ಕಾಯುವುದು ಆ 140 ಗ್ರಾಂ. ಮೂರು ಕಿಲೋ ಹತ್ತಿ ಇರುವುದು ಅದನ್ನು ಅಲುಗಾಡದಂತೆ ಹಿಡಿದಿಡಲು.

ಅಲುಗಾಡದಂತೆ ಎಂಬುದೇ ಇಲ್ಲಿ ಮುಖ್ಯ. ಕೋಣೆ ತುಂಬ ಗಾಳಿ ಇದ್ದರೂ ನಮಗೆ ಚಳಿಯಾಗುತ್ತದೆ, ಏಕೆಂದರೆ ಅದು ಓಡಾಡುತ್ತದೆ. ಮೈಗೆ ತಾಗಿ ಬಿಸಿಯಾದದ್ದು ಮೇಲೇಳುತ್ತದೆ, ತಣ್ಣನೆಯದು ಬಂದು ಅದರ ಜಾಗದಲ್ಲಿ ಕೂರುತ್ತದೆ. ಅದೇ ಗಾಳಿಯನ್ನು ಎಳೆಗಳ ನಡುವಿನ ಕೂದಲೆಳೆಯಷ್ಟು ಸಣ್ಣ ಸಂದುಗಳಲ್ಲಿ ಕೂಡಿಹಾಕಿದರೆ ಅದಕ್ಕೆ ಓಡಾಡಲು ಹಾದಿಯಿಲ್ಲ. ನಿಂತ ಗಾಳಿಯಷ್ಟು ಚೆನ್ನಾಗಿ ಶಾಖವನ್ನು ತಡೆಯುವ ವಸ್ತು ಮನೆಯಲ್ಲಿ ಇನ್ನೊಂದು ಸಿಗದು.

ಆ ಸಂದುಗಳನ್ನು ಕಟ್ಟಲು ಎಷ್ಟು ಎಳೆ ಬೇಕು? ಸಾಧಾರಣ ಹತ್ತಿಯ ಒಂದು ಎಳೆ ಮೂರು ಸೆಂಟಿಮೀಟರಿಗಿಂತ ಸ್ವಲ್ಪ ಕಡಿಮೆ ಉದ್ದ. ದಪ್ಪ ಒಂದು ಮಿಲಿಮೀಟರಿನ ಐವತ್ತು-ಅರವತ್ತರ ಒಂದು ಪಾಲು. ಒಂದು ಮೀಟರ್ ಎಳೆಯ ತೂಕ ಒಂದು ಮಿಲಿಗ್ರಾಮಿನ ಆರನೇ ಒಂದು ಭಾಗಕ್ಕಿಂತ ತುಸು ಕಡಿಮೆ. ಹೀಗಾಗಿ ಒಂದು ಕಿಲೋ ಅರಳೆಯ ಎಳೆಗಳನ್ನೆಲ್ಲ ತುದಿಗೆ ತುದಿ ಜೋಡಿಸಿದರೆ ಆರು ಸಾವಿರ ಕಿಲೋಮೀಟರ್ ದಾಟುತ್ತದೆ. ಮೂರು ಕಿಲೋ ರಜಾಯಿಯಲ್ಲಿ 19,000 ಕಿಲೋಮೀಟರ್, ಭೂಮಿಯ ಸುತ್ತಳತೆಯ ಹತ್ತಿರ ಹತ್ತಿರ ಅರ್ಧ. ಬಿಡಿ ಎಳೆಗಳನ್ನು ಎಣಿಸಲು ಕೂತರೆ 65 ಕೋಟಿಗೂ ಮೇಲೆ. ಆ ಎಳೆಗಳ ಮೈಯನ್ನೆಲ್ಲ ಬಿಡಿಸಿ ನೆಲದ ಮೇಲೆ ಹಾಸಿದರೆ ಕಿಲೋಗೆ ಸುಮಾರು 300 ಚದರ ಮೀಟರ್. ನಮ್ಮ ಲೆಕ್ಕದಲ್ಲಿ ಮೂರು ಗುಂಟೆ. ಮೂರು ಕಿಲೋಗೆ ಒಂಬತ್ತು ಗುಂಟೆ. ಕಾಲು ಎಕರೆಗೆ ಒಂದು ಗುಂಟೆ ಕಡಿಮೆ ಜಮೀನನ್ನು ಹೊದ್ದು ನಾವು ಮಲಗುತ್ತೇವೆ.

ಈ ಒಂಬತ್ತು ಗುಂಟೆಯನ್ನು ಕೈಯಿಂದ ಬಿಡಿಸುತ್ತಿದ್ದವರನ್ನು ನಾನು ನೋಡಿದ್ದೇನೆ. ಹಳೇ ಹುಬ್ಬಳ್ಳಿಯಲ್ಲಿ ನಾನು ಓದುತ್ತಿದ್ದಾಗ ನಮ್ಮ ಓಣಿಗೆ ಬರುತ್ತಿದ್ದ ಗಾದಿ ಕಾಕಾ, ಹೆಗಲಿಗೆ ಕಮಾನು ನೇತುಹಾಕಿಕೊಂಡು ತಂತಿಯನ್ನು ಟಂಯ್ ಎನ್ನಿಸಿದರೆ ಸಾಕು, ಮನೆಮನೆಯಿಂದ ಹಳೇ ಗಾದಿಗಳು ಹೊರಬರುತ್ತಿದ್ದವು. ವರ್ಷವಿಡೀ ಮೈಭಾರಕ್ಕೆ ಗಟ್ಟಿಯಾದ ಹತ್ತಿಯನ್ನು ತಂತಿಯ ನಡುಕಕ್ಕೆ ಒಡ್ಡಿ ಹಿಂಜುತ್ತಿದ್ದರು. ಅಂಗೈಯಗಲದ ಮುದ್ದೆ ಮೊರದಗಲ ಅರಳುತ್ತಿತ್ತು. ಹೊಸ ಹತ್ತಿ ಹಾಕುತ್ತಿರಲಿಲ್ಲ, ಗಾಳಿ ಹಾಕುತ್ತಿದ್ದರು. ಮಾಳದ ರಜಾಯಿಯ ಮಾತು ಬಂದ ಮೇಲೆ ಅವರ ಅಂಗಡಿಗೆ ಹೋಗಿದ್ದೆ. ಈಗ ಅಲ್ಲಿ ಹಿಂಜುವ ಯಂತ್ರವಿದೆ, ಕಾಕಾ ಬಾಗಿಲಲ್ಲಿ ಕುರ್ಚಿ ಹಾಕಿ ಕೂತಿರುತ್ತಾರೆ. ವಿಷಯ ಹೇಳಿದೆ. “ಹತ್ತಿ ಅಂದ್ರ ಮನಿ ಒಳಗಿಂದು, ತಮ್ಮಾ. ಮಳ್ಯಾಗ ಒಯ್ಯಬ್ಯಾಡ. ಒಮ್ಮೆ ನೀರು ಕುಡೀತಂದ್ರ ಅದು ಕೂತ್ಕೊಂಡ್ ಬಿಡ್ತೈತಿ, ಏಳೂದಿಲ್ಲ” ಎಂದರು. ಐವತ್ತು ವರ್ಷ ಹತ್ತಿಯನ್ನೇ ನಂಬಿ ಬದುಕಿದವರ ಮಾತಿದು.

ಕೂತುಬಿಡುತ್ತದೆ ಎಂದರೇನೆಂದು ನನಗೆ ಹದಿನಾಲ್ಕನೇ ವಯಸ್ಸಿಗೇ ಗೊತ್ತಾಗಿತ್ತು, ಲೆಕ್ಕ ಗೊತ್ತಿರಲಿಲ್ಲ ಅಷ್ಟೆ. ನವರಾತ್ರಿಯ ರಜೆ. ಅಜ್ಜನ ಜೊತೆ ಮಾಳಕ್ಕೆ ಹೋಗುತ್ತೇನೆಂದು ಹಠ ಹಿಡಿದಿದ್ದೆ. ಅಮ್ಮ ಮನೆಯಲ್ಲಿದ್ದ ಒಳ್ಳೆಯ ಹತ್ತಿ ರಜಾಯಿಯನ್ನೇ ಕೊಟ್ಟಿದ್ದಳು. ಅಜ್ಜ ತನ್ನ ಕರಿ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡಿದ್ದ. ನಡುರಾತ್ರಿ ಗಾಳಿ ತಿರುಗಿ ಮಳೆ ಅಡ್ಡಕ್ಕೆ ಹೊಡೆಯಿತು. ದೊಡ್ಡ ಮಳೆಯೇನಲ್ಲ, ಒಂದು ಗಂಟೆಯ ಜಿಟಿಜಿಟಿ. ಬೆಳಗಾಗುವಾಗ ನನಗೆ ಮಾತನಾಡಲು ಆಗದಷ್ಟು ಹಲ್ಲು ಕಡಿಯುತ್ತಿತ್ತು. ಅಜ್ಜ ನನ್ನನ್ನು ಆ ರಜಾಯಿಯಿಂದ ಹೊರಗೆಳೆದು ತನ್ನ ಕಂಬಳಿಯೊಳಗೆ ಸೇರಿಸಿಕೊಂಡ. ಕಂಬಳಿಯೂ ಒದ್ದೆಯೇ ಇತ್ತು. ಆದರೂ ಸ್ವಲ್ಪ ಹೊತ್ತಿಗೆ ನಡುಕ ನಿಂತಿತು. ಒದ್ದೆ ರಜಾಯಿಗಿಂತ ಒದ್ದೆ ಕಂಬಳಿ ಹೇಗೆ ಬೆಚ್ಚಗಾಯಿತು ಎಂಬ ಪ್ರಶ್ನೆ ಅವತ್ತಿನಿಂದ ನನ್ನ ಜೊತೆಗಿದೆ.

ಮಳೆಯ ಲೆಕ್ಕದಿಂದಲೇ ಶುರು ಮಾಡೋಣ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ರಜಾಯಿ ಮೂರು ಚದರ ಮೀಟರ್. ಅಂದರೆ ಯಾರೂ ಲೆಕ್ಕಕ್ಕೇ ಹಿಡಿಯದ ಒಂದು ಮಿಲಿಮೀಟರ್ ಹನಿ ಅದರ ಮೇಲೆ ಬಿದ್ದರೆ ಮೂರು ಲೀಟರ್, ರಜಾಯಿಯ ತೂಕದಷ್ಟೇ ನೀರು. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅಲ್ಲಿ ಬಯಲಲ್ಲಿ ಹಾಸಿಟ್ಟ ಇಂಥದೊಂದು ರಜಾಯಿಯ ಮೇಲೆ ವರ್ಷದಲ್ಲಿ ಸುರಿಯುವುದು 21,000 ಲೀಟರ್, 21 ಟನ್ ನೀರು.

ಮಳೆಯೇ ಬೇಕಾಗಿಲ್ಲ. ಸಾಧಾರಣ ಹವೆಯಲ್ಲಿ ಹತ್ತಿ ತನ್ನ ಒಣ ತೂಕದ ಶೇ 8.5ರಷ್ಟು ತೇವವನ್ನು ಗಾಳಿಯಿಂದಲೇ ಎಳೆಯೊಳಗೆ ಎಳೆದುಕೊಂಡಿರುತ್ತದೆ. ನಾವು ಒಣಗಿದೆ ಎಂದು ಮಡಚಿಡುವ ಮೂರು ಕಿಲೋ ರಜಾಯಿಯಲ್ಲಿ ಕಾಲು ಲೀಟರ್ ನೀರಿರುತ್ತದೆ. ಮಳೆಗಾಲದ ರಾತ್ರಿ, ಮಂಜು ಕವಿದು ಗಾಳಿಗೆ ಇನ್ನೊಂದು ಹನಿ ಹಿಡಿಯಲೂ ಆಗದ ಸ್ಥಿತಿಯಲ್ಲಿ, ಆ ಪ್ರಮಾಣ ಶೇ 20 ದಾಟುತ್ತದೆ. ಒಂದು ಹನಿ ಬೀಳದೆಯೂ ಅರ್ಧ ಲೀಟರಿನಷ್ಟು ನೀರು ಹೊದಿಕೆಯೊಳಗೆ ಬಂದು ಕೂತಿರುತ್ತದೆ. ಮಲೆನಾಡಿನ ಮನೆಗಳಲ್ಲಿ ಆಷಾಢದ ಹಾಸಿಗೆ ಮುಟ್ಟಿದರೆ ತಣ್ಣಗನ್ನಿಸುವುದು ಇದಕ್ಕೇ. ಆ ತೇವದಲ್ಲಿ ನಾಲ್ಕು ದಿನ ಬಿಟ್ಟರೆ ಬೂಷ್ಟು.

ಇನ್ನು ಹರಿಯುವ ನೀರು. ಗಿಡದಿಂದ ಬಂದ ಹೊಸ ಅರಳೆಯ ಮೈಮೇಲೆ ತೆಳ್ಳನೆಯ ಮೇಣವಿರುತ್ತದೆ, ನೀರಿಗೆ ಹಾಕಿದರೆ ಮೊದಲು ತೇಲುತ್ತದೆ. ಔಷಧಿ ಅಂಗಡಿಯ ಹತ್ತಿಯಲ್ಲಿ ಆ ಮೇಣವನ್ನು ಕುದಿಸಿ ತೆಗೆದಿರುತ್ತಾರೆ. ಅದು ತನ್ನ ತೂಕದ ಇಪ್ಪತ್ತು ಪಟ್ಟು ನೀರನ್ನು ಹಿಡಿಯಬಲ್ಲದು. ಹಳೇ ರಜಾಯಿಯ ಹತ್ತಿ ಈ ಎರಡರ ನಡುವೆ ಎಲ್ಲೋ ಇರುತ್ತದೆ. ಒಂದು ಮೂಲೆ ಒದ್ದೆಯಾದರೆ ಸಾಕು, ನೀರು ತಾನೇ ನಡೆಯುತ್ತದೆ. ನೂರನೇ ಒಂದು ಮಿಲಿಮೀಟರ್ ತ್ರಿಜ್ಯದ ಸಂದಿನಲ್ಲಿ ನೀರು, ಲೆಕ್ಕದ ಪ್ರಕಾರ, ಭೂಮಿಯ ಸೆಳೆತವನ್ನು ಮೀರಿ ಹೆಚ್ಚುಕಡಿಮೆ ಒಂದೂವರೆ ಮೀಟರ್ ಮೇಲೇರಬಲ್ಲದು. ಅಷ್ಟು ಎತ್ತರ ನಿಜವಾಗಿ ಏರುವುದು ಕಡಿಮೆ, ಅಡ್ಡಕ್ಕೆ ಹರಿಯಲು ಮಾತ್ರ ಅದಕ್ಕೆ ಯಾವ ತಡೆಯೂ ಇಲ್ಲ. ಕಾಲಬುಡದಲ್ಲಿ ಬಿದ್ದ ಎರಚಲು ಬೆಳಗಾಗುವಾಗ ಎದೆಯವರೆಗೆ ಬಂದಿರುತ್ತದೆ.

ಬಂದ ನೀರು ಕೂರುವುದು ಗಾಳಿಯ ಜಾಗದಲ್ಲಿ. ನೀರು ಗಾಳಿಗಿಂತ ಇಪ್ಪತ್ತಕ್ಕೂ ಹೆಚ್ಚು ಪಟ್ಟು ಬೇಗ ಶಾಖವನ್ನು ದಾಟಿಸುತ್ತದೆ. ಅದಕ್ಕಿಂತ ಕೆಟ್ಟದ್ದು, ನೀರು ಹೀರಿದ ಹತ್ತಿಯ ಎಳೆ ಮೆತ್ತಗಾಗುತ್ತದೆ. ಎಳೆದರೆ ಒದ್ದೆ ಹತ್ತಿ ಒಣ ಹತ್ತಿಗಿಂತ ಗಟ್ಟಿಯೇ, ಆದರೆ ಬಾಗಿಸಿದರೆ ಮತ್ತೆ ನೆಟ್ಟಗಾಗುವ ಚೈತನ್ಯ ಅದರಲ್ಲಿ ಉಳಿಯುವುದಿಲ್ಲ. ನಾಲ್ಕು ಸೆಂಟಿಮೀಟರ್ ಇದ್ದದ್ದು ತನ್ನದೇ ಭಾರಕ್ಕೆ ಕುಸಿದು ಒಂದಾಗುತ್ತದೆ. ಗಾದಿ ಕಾಕಾ ಹೇಳಿದ ಕೂತುಬಿಡುವುದು ಇದೇ. 118 ಲೀಟರ್ ಗಾಳಿಯ ಮನೆಯ ಕಂಬಗಳೇ ಬಾಗಿಬಿಡುತ್ತವೆ.

ಈಗ ನನ್ನನ್ನು ಅತ್ಯಂತ ಬೆಚ್ಚಿಬೀಳಿಸಿದ ಲೆಕ್ಕ. ಮಲಗಿದ ಮನುಷ್ಯನ ಮೈ ಹೊರಹಾಕುವ ಶಾಖ ಸುಮಾರು 75 ವ್ಯಾಟ್, ಹಳೇ ಕಾಲದ ಬಲ್ಬಿನಷ್ಟು. ಎಂಟು ಗಂಟೆಯ ನಿದ್ದೆಯಲ್ಲಿ ಅದು 21 ಲಕ್ಷ 60 ಸಾವಿರ ಜೂಲ್. ಇನ್ನೊಂದು ಕಡೆ, ಒಂದು ಲೀಟರ್ ನೀರನ್ನು ಮೈಶಾಖದ ಆಸುಪಾಸಿನಲ್ಲಿ ಆವಿ ಮಾಡಲು ಬೇಕಾಗುವುದು 24 ಲಕ್ಷ ಜೂಲ್. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಮಲಗಿದವನ ಇಡೀ ರಾತ್ರಿಯ ಶಾಖ, ಒಂದು ಚೂರೂ ಪೋಲಾಗದೆ, ಮೈ ಬೆಚ್ಚಗಿರಲು ಒಂದು ಚೂರೂ ಬಳಕೆಯಾಗದೆ ನೀರಿಗೇ ಹೋದರೂ ಒಂದು ಲೀಟರ್ ಒಣಗುವುದಿಲ್ಲ. ಗಂಟೆಗೆ 100 ಮಿಲಿಲೀಟರ್, ಅಂದರೆ ಅರ್ಧ ಲೋಟ ನೀರು ರಜಾಯಿಯಿಂದ ಆರುತ್ತಿದ್ದರೆ ಅದು ಎಳೆದುಕೊಳ್ಳುವ ಶಾಖ 67 ವ್ಯಾಟ್. ಮೈ ಕೊಡುವುದೇ 75. ಹದಿನಾಲ್ಕರ ಹುಡುಗನ ಮೈ ಅದಕ್ಕಿಂತಲೂ ಕಡಿಮೆ ಕೊಡುತ್ತದೆ. ನಡುಕ ಎಂದರೆ ಆ ಕೊರತೆಯನ್ನು ತುಂಬಲು ಸ್ನಾಯುಗಳು ಮಾಡುವ ಹೆಚ್ಚುವರಿ ದುಡಿಮೆ. ಅವತ್ತು ರಾತ್ರಿಯೆಲ್ಲ ನಾನು ಮಾಡುತ್ತಿದ್ದದ್ದು ಬಟ್ಟೆ ಒಣಗಿಸುವ ಕೆಲಸ.

ಬೆಳಿಗ್ಗೆ ಅಮ್ಮ ಮತ್ತು ಚಿಕ್ಕಮ್ಮ ಆ ರಜಾಯಿಯ ಎರಡು ತುದಿ ಹಿಡಿದು ಹಿಂಡಿದ್ದು ನೆನಪಿದೆ. ಇಬ್ಬರು ಎಷ್ಟೇ ಬಲ ಹಾಕಿ ಹಿಂಡಿದರೂ ಹತ್ತಿ ತನ್ನ ತೂಕದಷ್ಟಾದರೂ ನೀರನ್ನು ಉಳಿಸಿಕೊಳ್ಳುತ್ತದೆ. ಮೂರು ಲೀಟರ್. ಅದು ಒಣಗಲು 73 ಲಕ್ಷ ಜೂಲ್ ಬೇಕು, ಮಲಗಿದವನೊಬ್ಬನ ಮೂರು ರಾತ್ರಿಗೂ ಮೀರಿದ ಮೈಶಾಖ. ಚೈತ್ರದ ಬಿಸಿಲಾದರೆ ಮೂರು ಚದರ ಮೀಟರಿನ ಹೊದಿಕೆಗೆ ಅಷ್ಟು ಶಾಖವನ್ನು ಒಂದೆರಡು ಗಂಟೆಯಲ್ಲಿ ಸುರಿಯುತ್ತದೆ. ಮೋಡ ಕವಿದ ಆಶ್ವೀಜದಲ್ಲಿ ಎಲ್ಲಿಂದ ತರೋಣ? ಒಲೆಯ ಮೇಲಿನ ಅಟ್ಟಕ್ಕೆ ಹಾಕಿದ ಆ ರಜಾಯಿ ದೀಪಾವಳಿಗೂ ಹೊಗೆ ಮತ್ತು ಬೂಷ್ಟಿನ ವಾಸನೆ ಬಿಟ್ಟಿರಲಿಲ್ಲ.

ಹಾಗಾದರೆ ಅಜ್ಜನ ಕಂಬಳಿ?

ನಮ್ಮ ಬಯಲುಸೀಮೆಯ ಡೆಕ್ಕನಿ ಕುರಿಯ ಉಣ್ಣೆಯನ್ನು ಜಗತ್ತಿನ ಉಣ್ಣೆ ವ್ಯಾಪಾರಿಗಳು ಮೂಸಿಯೂ ನೋಡುವುದಿಲ್ಲ. ಒರಟು, ಗಿಡ್ಡ, ಕಪ್ಪು, ಬಣ್ಣ ಹಿಡಿಯದು. ವರ್ಷಕ್ಕೆ ಒಂದು ಕುರಿಯಿಂದ ಒಂದು ಕಿಲೋ ಕೂಡ ಸಿಗುವುದಿಲ್ಲ, ಮೆರಿನೊ ಕುರಿ ಅದರ ನಾಲ್ಕೈದು ಪಟ್ಟು ಕೊಡುತ್ತದೆ. ಆದರೆ ಆ ಒರಟುತನವೇ ಮಳೆಯಲ್ಲಿ ಉಳಿಸುವುದು. ಹತ್ತಿಯ ಎಳೆಗಿಂತ ಎರಡು ಪಟ್ಟು ದಪ್ಪನೆಯ ಎಳೆ. ಕಿಲೋಗೆ ಏಳೆಂಟು ನೂರು ಕಿಲೋಮೀಟರ್ ಅಷ್ಟೆ, ಹತ್ತಿಯದಕ್ಕೆ ಎಂಟನೇ ಒಂದು ಪಾಲು. ಹುಟ್ಟಿನಿಂದಲೇ ಗುಂಗುರು. ಒದ್ದೆಯಾದರೂ ಆ ಗುಂಗುರು ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ, ಒತ್ತಿ ಬಿಟ್ಟರೆ ಮೇಲೇಳುತ್ತದೆ. ಎಳೆಯ ಹೊರಮೈ ಮೀನಿನ ಹುರುಪೆಯಂಥ ಪದರುಗಳಿಂದ ಕೂಡಿದ್ದು, ಅದರ ಮೇಲೆ ಕೊಬ್ಬಿನ ಬಲು ತೆಳುವಾದ ಲೇಪವಿದೆ. ಹನಿ ಬಿದ್ದರೆ ಉರುಳುತ್ತದೆ. ಅದರ ಮೇಲೆ ಹುಣಸೆಬೀಜದ ಗಂಜಿ ಹಾಕಿ ನೇಯ್ದ ಚಳ್ಳಕೆರೆಯ ಕಂಬಳಿಯನ್ನು ಕೊಪ್ಪೆ ಹಾಕಿಕೊಂಡು ಇಡೀ ದಿನ ನಾಟಿ ಮಾಡಿದವರು ನಮ್ಮ ಮಲೆನಾಡಿನಲ್ಲಿ ತಲೆಮಾರುಗಟ್ಟಲೆ ಇದ್ದರು. ಬಯಲುಸೀಮೆಯ ಕುರಿ ಮಳೆನಾಡಿನ ಬೆನ್ನನ್ನು ಕಾಯ್ದಿದೆ.

ಹನಿಯನ್ನು ಹೊರಗೆ ತಳ್ಳುವ ಅದೇ ಎಳೆ ಆವಿಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ತನ್ನ ಒಣ ತೂಕದ ಮೂರನೇ ಒಂದು ಭಾಗದಷ್ಟು ತೇವವನ್ನು ಉಣ್ಣೆ ಎಳೆಯೊಳಗೆ ಅಡಗಿಸಿಕೊಳ್ಳಬಲ್ಲದು, ಆಗಲೂ ಮುಟ್ಟಿದವರಿಗೆ ಒದ್ದೆ ಎನ್ನಿಸದು. ಆವಿ ಎಳೆಯೊಳಗೆ ನೀರಾಗಿ ಕೂರುವಾಗ ಶಾಖವನ್ನು ಬಿಟ್ಟುಕೊಡುತ್ತದೆ. ಎರಡು ಕಿಲೋ ಕಂಬಳಿ ಹಗಲಿನ ಸಾಧಾರಣ ಹವೆಯಿಂದ ಮಂಜಿನ ರಾತ್ರಿಗೆ ಹೋಗುವಾಗ ಹೀಗೆ ಬಿಡುವುದು ಎಂಟು ಲಕ್ಷಕ್ಕೂ ಹೆಚ್ಚು ಜೂಲ್. ಮಲಗಿದ ಮನುಷ್ಯನೊಬ್ಬನ ಮೂರು ಗಂಟೆಯ ಮೈಶಾಖ. ಅದರಲ್ಲಿ ಒಂದಷ್ಟು ಹೊರಗೂ ಹೋಗುತ್ತದೆ, ನಿಜ. ಇನ್ನೊಂದು ಮಾತನ್ನೂ ಹೇಳಲೇಬೇಕು: ಹತ್ತಿಯೂ ಆವಿ ಹೀರುವಾಗ ಹೀಗೇ ಬಿಸಿ ಕೊಡುತ್ತದೆ, ಇದು ಉಣ್ಣೆಗೆ ಮಾತ್ರ ಸಿಕ್ಕ ವರವಲ್ಲ. ಹತ್ತಿ ಸೋಲುವುದು ಆಮೇಲೆ, ನಿಂತ ಗಾಳಿಯನ್ನು ಬಿಟ್ಟುಕೊಟ್ಟು ಕೂತಾಗ. ಅಜ್ಜನ ಕಂಬಳಿ ಒದ್ದೆಯಾಗಿತ್ತು, ಆದರೆ ಕೂತಿರಲಿಲ್ಲ. ನನ್ನ ಪ್ರಶ್ನೆಗೆ ಉತ್ತರ ಸಿಗಲು ಇಷ್ಟು ವರ್ಷ ಬೇಕಾಯಿತು.

ಉಣ್ಣೆಯನ್ನೇ ರಜಾಯಿಗೆ ತುಂಬಿಸಬಹುದಲ್ಲ ಎಂದು ಕೇಳಬಹುದು. ತುಂಬಿಸಬಹುದು, ಶೀತದ ದೇಶಗಳಲ್ಲಿ ತುಂಬಿಸುತ್ತಾರೆ. ನಮ್ಮಲ್ಲಿ ತೊಳೆದು ಹಿಂಜಿದ ಒಳ್ಳೆಯ ಉಣ್ಣೆ ಸುಲಭಕ್ಕೆ ಸಿಗದು, ನುಸಿಯಿಂದ ಕಾಯಬೇಕು, ನೆನೆದರೆ ಒಣಗಲು ಅದಕ್ಕೂ ಹೊತ್ತು ಬೇಕು. ಬಾತುಕೋಳಿ ಹೆಬ್ಬಾತುಗಳ ನವಿರುಗರಿ ಒಣಗಿದ್ದಾಗ ಅದ್ಭುತ, ಒಳ್ಳೆಯದಾದರೆ ಒಂದೇ ಗ್ರಾಂ ಅರ್ಧ ಲೀಟರಿನ ಹತ್ತಿರ ಅರಳುತ್ತದೆ, ನೆನೆದರೆ ಮುದ್ದೆ. ಅದನ್ನು ಇಲ್ಲಿಗೇ ಬಿಡೋಣ.

ಬೂರುಗದ ಹತ್ತಿಯ ಬಗ್ಗೆ ಮಾತ್ರ ಎರಡು ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ನಮ್ಮ ತಲೆದಿಂಬುಗಳಲ್ಲಿದ್ದ ಆ ರೇಷ್ಮೆಯಂಥ ಹತ್ತಿಯ ಪ್ರತಿ ಎಳೆಯೂ ಟೊಳ್ಳು ಕೊಳವೆ. ನೂರಕ್ಕೆ ಎಂಬತ್ತು ಪಾಲು ಪೊಳ್ಳು, ಹೊರಗೆ ಮೇಣ. ನೀರಿನಲ್ಲಿ ತನ್ನ ತೂಕದ ಮೂವತ್ತು ಪಟ್ಟಿನಷ್ಟು ಭಾರವನ್ನು ತೇಲಿಸಬಲ್ಲದು. ಹಡಗಿನವರ ಜೀವರಕ್ಷಕ ಜಾಕೆಟ್ಟುಗಳಲ್ಲಿ ತುಂಬುತ್ತಿದ್ದದ್ದು ಇದನ್ನೇ. 1942ರಲ್ಲಿ ಜಪಾನಿನ ಸೇನೆ ಜಾವಾವನ್ನು ಹಿಡಿದಾಗ ಅಮೆರಿಕಕ್ಕೆ ಬೂರುಗದ ಹತ್ತಿ ಬರುವುದು ನಿಂತಿತು. ಆಗ ಅಲ್ಲಿನ ಶಾಲಾಮಕ್ಕಳು ನಮ್ಮ ಎಕ್ಕದ ಗಿಡದ ನೆಂಟನಾದ ಒಂದು ಕಾಡುಗಿಡದ ಕಾಯಿಗಳನ್ನು ಚೀಲಗಟ್ಟಲೆ ಆರಿಸಿ ಕೊಟ್ಟರು. ಎರಡು ಚೀಲ ಕಾಯಿಗೆ ಒಂದು ಜೀವ ಎಂದು ಅವರಿಗೆ ಹೇಳಲಾಗಿತ್ತು. ನೀರಿಗೆ ಇಷ್ಟು ಹಗೆಯಾದ ಬೂರುಗ ಮಾಳದ ರಜಾಯಿಗೆ ಯಾಕಾಗದು? ಎಳೆ ಬಹಳ ಪೆಳಸು, ಮೈಭಾರಕ್ಕೆ ಮುರಿದು ಪುಡಿಯಾಗುತ್ತದೆ, ರಜಾಯಿಯ ಒಂದು ಮೂಲೆಗೆ ಜಾರುತ್ತದೆ. ಮತ್ತು ಕಿಡಿ ತಾಗಿದರೆ ಕರ್ಪೂರ. ಮಾಳದ ಕೆಳಗೆ ಬೆಂಕಿ ಉರಿಯುತ್ತಿರುತ್ತದೆ.

ಉಳಿದದ್ದು ಅಂಗಡಿಯವರು ಫೈಬರ್ ಎನ್ನುವ ಪಾಲಿಯೆಸ್ಟರ್. ಇಂಗ್ಲೆಂಡಿನಲ್ಲಿ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ಇಬ್ಬರು ರಸಾಯನಜ್ಞರು 1941ರಲ್ಲಿ ಎಳೆಯಾಗಿ ಎಳೆದ ಈ ವಸ್ತು ಇವತ್ತು ವರ್ಷಕ್ಕೆ ಆರು ಕೋಟಿ ಟನ್ನಿಗೂ ಹೆಚ್ಚು ತಯಾರಾಗುತ್ತದೆ, ಜಗತ್ತಿನ ಎಲ್ಲ ಹತ್ತಿಯ ಎರಡು ಪಟ್ಟಿಗೂ ಮೀರಿ. ಹತ್ತಿಯ ನಾಡಿನಲ್ಲಿ ಬೆಳೆದ ನನಗೆ ಇದನ್ನು ಹೊಗಳಲು ಮನಸ್ಸು ಸುಲಭವಾಗಿ ಒಪ್ಪಲಿಲ್ಲ. ಆದರೆ ಅಳಿಯ ಕೇಳಿದ್ದು ಮಳೆಗೆ. ಸಾಧಾರಣ ಹವೆಯಲ್ಲಿ ಪಾಲಿಯೆಸ್ಟರ್ ಎಳೆಯೊಳಗೆ ಹೋಗುವ ತೇವ ಶೇ 0.4. ಚದರ ಮೀಟರಿಗೆ 300 ಗ್ರಾಂ ಇರುವ ಫೈಬರ್ ಶೀಟನ್ನು ನಮ್ಮ ಮೂರು ಚದರ ಮೀಟರಿಗೆ ಹಾಕಿದರೆ ಒಟ್ಟು 900 ಗ್ರಾಂ. ಅದರ ಎಳೆಗಳೊಳಗಿನ ನೀರು ನಾಲ್ಕು ಗ್ರಾಮಿಗೂ ಕಡಿಮೆ, ಒಂದು ಟೀ ಚಮಚವೂ ತುಂಬದು. ಹತ್ತಿ ರಜಾಯಿಯ ಕಾಲು ಲೀಟರ್ ಎಲ್ಲಿ, ಇದೆಲ್ಲಿ! ನೀರು ಒಳಗೆ ಹೋಗದ್ದರಿಂದ ಎಳೆ ಮೆತ್ತಗಾಗುವುದಿಲ್ಲ. ಸ್ಪ್ರಿಂಗಿನಂತೆ ಸುರುಳಿ ಮಾಡಿಟ್ಟ ಎಳೆ ಒದ್ದೆಯಲ್ಲೂ ಸ್ಪ್ರಿಂಗೇ. ಆ 900 ಗ್ರಾಂ, ಒಂದು ಲೀಟರಿನ ನಲವತ್ತು ನೀರಿನ ಬಾಟಲಿಗಳನ್ನು ಕರಗಿಸಿ ಮಾಡಿದ್ದೂ ಇರಬಹುದು, ವಸ್ತು ಒಂದೇ.

ಹಾಗೆಂದು ಫೈಬರ್ ಒದ್ದೆಯೇ ಆಗದು ಎಂದುಕೊಳ್ಳಬಾರದು. ಎಳೆಗಳ ನಡುವೆ ನೀರು ಸಿಕ್ಕಿಕೊಳ್ಳುತ್ತದೆ, ಕೆರೆಯಲ್ಲಿ ಅದ್ದಿದರೆ ಅದೂ ಮಣಭಾರವೇ. ವ್ಯತ್ಯಾಸ ಎತ್ತಿ ಕೊಡವಿದಾಗ ಕಾಣುತ್ತದೆ. ನಂಬಿಕೆ ಬಾರದವರು ಗಾದಿ ಅಂಗಡಿಯಲ್ಲಿ ಒಂದೊಂದು ಹಿಡಿ ಹತ್ತಿ ಮತ್ತು ಫೈಬರ್ ಕೇಳಿ ತನ್ನಿ, ಹಳೇ ಕಂಬಳಿಯ ಒಂದು ತುಂಡನ್ನೂ ಜೊತೆಗಿಡಿ. ಮೂರನ್ನೂ ಬಕೆಟ್ಟಿನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿ ತಟ್ಟೆಯ ಮೇಲಿಡಿ. ಫೈಬರ್ ನಿಮ್ಮ ಮುಷ್ಟಿ ಬಿಚ್ಚಿದ ಕೂಡಲೇ ಉಬ್ಬುತ್ತದೆ. ಕಂಬಳಿ ನಿಧಾನಕ್ಕೆ ಮೈಮುರಿದು ಏಳುತ್ತದೆ. ಹತ್ತಿಯ ಮೇಲೆ ನಿಮ್ಮ ಬೆರಳಿನ ಗುರುತು ಸಂಜೆಯವರೆಗೂ ಇರುತ್ತದೆ. ಯಾವ ತುಂಬು ತರಬೇಕೆಂದು ತೀರ್ಮಾನಿಸಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ.

ತುಂಬು ಸರಿಯಾದರೆ ಸಾಲದು, ಹೊಲಿಗೆಯೂ ನೀರಿಗೆ ಬಾಗಿಲೇ. ರಜಾಯಿಯ ಉದ್ದಕ್ಕೆ ಎರಡು ಸೆಂಟಿಮೀಟರಿಗೊಂದು ಸಾಲು ಹೊಲಿದರೆ 75 ಸಾಲು, 150 ಮೀಟರ್ ಹೊಲಿಗೆ. ಆರು ಮಿಲಿಮೀಟರಿಗೊಮ್ಮೆ ಸೂಜಿ ಇಳಿದರೆ 25,000 ತೂತು. ಪ್ರತಿ ತೂತಿನಲ್ಲೂ ಹತ್ತಿ ದಾರವೆಂಬ ಬತ್ತಿ. ದೀಪದ ಬತ್ತಿ ಎಣ್ಣೆ ಎಳೆಯುವಂತೆ 25,000 ಬತ್ತಿಗಳು ಮಳೆಯನ್ನು ಒಳಕ್ಕೆ ಎಳೆಯುತ್ತವೆ. ಬಿಡಿ ಹತ್ತಿಯನ್ನು ಜಾರದಂತೆ ಹಿಡಿಯಲು ಅಷ್ಟು ಹೊಲಿಗೆ ಬೇಕೇ ಬೇಕು. ಫೈಬರನ್ನು ಬಿಡಿಯಾಗಿ ತುಂಬದೆ ಅಂಟಿಸಿದ ಶೀಟಾಗಿ ಹಾಕಿದರೆ ಅಲ್ಲಲ್ಲಿ ಒಂದೊಂದು ಗಂಟು ಸಾಕು. ಹದಿನೈದು ಸೆಂಟಿಮೀಟರಿಗೊಂದರಂತೆ 130 ಗಂಟು, 260 ತೂತು. ಇಪ್ಪತ್ತೈದು ಸಾವಿರದಿಂದ ಇನ್ನೂರ ಅರವತ್ತಕ್ಕೆ ಬಂದೆವು, ನೂರನೇ ಒಂದು ಭಾಗಕ್ಕೆ. ದಾರವೂ ಪಾಲಿಯೆಸ್ಟರಿನದಾದರೆ ಬತ್ತಿಯ ಕಾಟ ಬಹುಪಾಲು ತಪ್ಪುತ್ತದೆ.

ಇಲ್ಲಿ ನಮ್ಮ ಕಡೆಯ ಕೌದಿ, ಕವಂದಿಗಳ ನೆನಪಾಗುತ್ತದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಹೆಂಗಸರು ಹಳೇ ಬಟ್ಟೆಯ ತುಂಡುಗಳನ್ನು ಅಂಚಿನಿಂದ ಶುರುಮಾಡಿ ಸುತ್ತು ಹಾಕುತ್ತ ನಡುವಿಗೆ ಬರುವಂತೆ ಹೊಲಿಯುತ್ತಾರೆ. ಕಡೆಗೆ ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ಫೂಲ ಇಡದೆ ಅವರಿಗೆ ಕವಂದಿ ಮುಗಿಯಿತೆನಿಸುವುದಿಲ್ಲ. ಒಳಗೆ ತುಂಬು ಎಂಬುದೇ ಇಲ್ಲ, ಬಟ್ಟೆಯ ಮೇಲೆ ಬಟ್ಟೆ. ಮೂರು ಕಿಲೋ ಬಟ್ಟೆ ಒಂದು ಸೆಂಟಿಮೀಟರ್ ದಪ್ಪಕ್ಕೆ ಕೂತರೆ ಅದರೊಳಗಿನ ಗಾಳಿ 28 ಲೀಟರ್, ಹಿಂಜಿದ ಹತ್ತಿಯ ಕಾಲು ಭಾಗಕ್ಕೂ ಕಡಿಮೆ. ಅಷ್ಟು ಬೆಚ್ಚಗಿರದು. ಆದರೆ ಕುಸಿಯಲು ಅದರಲ್ಲಿ ಏನೂ ಇಲ್ಲ, ನೆನೆಸಿ ಒಗೆದು ಬೇಲಿಗೆ ಹರವಿದರೆ ಮರುದಿನ ಮತ್ತೆ ಅದೇ ಕವಂದಿ. ಒಗೆಯಲು ಬರುವ ಹೊದಿಕೆಯನ್ನು ಹತ್ತಿಯಲ್ಲಿ ಮಾಡುವುದಾದರೆ ಇದೇ ದಾರಿ ಎಂದು ಅವರ ಕೈಗಳಿಗೆ ಗೊತ್ತಿತ್ತು.

ಮಾರನೇ ದಿನ ಅಳಿಯನಿಗೆ ಹೇಳಿದೆ. 300 ಗ್ರಾಂ ಫೈಬರ್ ಶೀಟು, ಒಂದೇ ತುಂಡು. ಮೇಲ್ಗಡೆಗೆ ಕೊಡೆ ಬಟ್ಟೆ. ಸಾಲು ಹೊಲಿಗೆ ಬೇಡ, ಗಂಟು. ಒಳಮೈಗೆ ತೆಗೆದು ಒಗೆಯುವಂತೆ ಹಳೇ ಸೀರೆಯ ಗವಸು. “ಪ್ಲಾಸ್ಟಿಕ್ ಹಾಳೆಯನ್ನೇ ಸುತ್ತಿಬಿಟ್ರೆ ಆಗೋದಿಲ್ವಾ ಮಾವ?” ಎಂದ. ಬೆವರದೆ ಮಲಗಿದವನ ಚರ್ಮದಿಂದಲೂ ದಿನಕ್ಕೆ ಸುಮಾರು 400 ಮಿಲಿಲೀಟರ್ ನೀರು ಕಣ್ಣಿಗೆ ಕಾಣದೆ ಆವಿಯಾಗುತ್ತಿರುತ್ತದೆ. ಎಂಟು ಗಂಟೆಗೆ ಒಂದು ಸಣ್ಣ ಲೋಟ. ಪ್ಲಾಸ್ಟಿಕ್ ಅದನ್ನು ಹೊರಗೆ ಬಿಡದೆ ಒಳಮೈಯಲ್ಲೇ ಹನಿಯಾಗಿಸುತ್ತದೆ, ಮಳೆ ಹೊರಗಿನಿಂದ ಬರುವ ಬದಲು ಒಳಗಿನಿಂದ ಬರುತ್ತದೆ ಎಂದೆ. ಕಡೆಯದಾಗಿ ಹೇಳಿದ್ದು, ರಜಾಯಿಯ ಮೇಲೆ ಒಂದು ಕಂಬಳಿ ಇರಲೇಬೇಕು. ಪಾಲಿಯೆಸ್ಟರ್ 260 ಡಿಗ್ರಿಯ ಹತ್ತಿರ ಕರಗಿ ಚರ್ಮಕ್ಕೆ ಅಂಟುತ್ತದೆ, ಮಾಳದ ಬೆಂಕಿಯ ಒಂದು ಕಿಡಿ ಸಾಕು. ಉಣ್ಣೆ ಸುಲಭಕ್ಕೆ ಹೊತ್ತುವುದಿಲ್ಲ, ಕರಿದಾಗಿ ಅಲ್ಲೇ ಆರುತ್ತದೆ. ಅಜ್ಜನ ಕಂಬಳಿ ಅಕ್ಕನ ಮನೆಯ ಅಟ್ಟದಲ್ಲಿ ಇನ್ನೂ ಇದೆ.

ಮಹಾನವಮಿಯ ಮಾರನೇ ಬೆಳಿಗ್ಗೆ ಅವನ ಫೋನು ಬಂತು. ರಾತ್ರಿ ಎರಡು ಸಲ ಎರಚಲು ಹೊಡೆಯಿತಂತೆ. ಕಂಬಳಿ ತೊಟ್ಟಿಕ್ಕುತ್ತಿದೆಯಂತೆ. ರಜಾಯಿಯನ್ನು ನಾಲ್ಕು ಸಲ ಕೊಡವಿ ಅಂಗಳದ ಹಗ್ಗಕ್ಕೆ ಹಾಕಿ ತಿಂಡಿಗೆ ಕೂತವನು, ಎದ್ದು ಬಂದು ಮುಟ್ಟಿ ನೋಡಿದರೆ ಹೆಚ್ಚುಕಡಿಮೆ ಆರಿದೆ. “ನಾಲ್ಕು ಮೂಲೆ ಮಾತ್ರ ಇನ್ನೂ ತಣ್ಣಗಿದೆ ಮಾವ. ಅಮ್ಮ ಅಲ್ಲಿ ಫೂಲ ಹೊಲಿದಿದ್ದಾಳೆ, ಅಜ್ಜಿಯ ಸೀರೆದು. ಹತ್ತಿ. ಬಿಚ್ಚಿಬಿಡಲಾ?”

ಬೇಡ, ಇರಲಿ ಎಂದೆ.